ಮೂಕಾಟದಲ್ಲಿ ಮಾತಾಡಬೇಕಾದವರು

ಬಾಲವಾಡಿ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಮುಂಬೈಯ ಭಾಂಡುಪ್ ಗುಡ್ಡ ಹತ್ತಿ ನನ್ನ ಖೋಲಿಗೆ ಬರುತ್ತಾರೆ. ಕೈಯಲ್ಲಿ ಸರ್ಟಿಫಿಕೇಟು, ಹೆಗಲಲ್ಲಿ ದೊಡ್ಡ ಬ್ಯಾಗು. "ಆಯಿ, ನಿಮ್ಮ ಆ ಮೂಕಾಟ ಕಲಿಸಿಕೊಡ್ರಿ" ಎನ್ನುತ್ತಾರೆ. ಕಲಿಸಿಕೊಡುವಂಥದ್ದು ಅದರಲ್ಲಿ ಏನೂ ಇಲ್ಲ. ಒಬ್ಬರು ಬಾಯಿ ಮುಚ್ಚಿಕೊಂಡು ಒಂದು ಕೆಲಸ ಮಾಡಿ ತೋರಿಸಬೇಕು, ಉಳಿದವರು ಅದು ಏನೆಂದು ಹೇಳಬೇಕು. ಮುಗಿಯಿತು. ಇಷ್ಟು ಹೇಳಿದರೆ ಅವರಿಗೆ ಸಾಲುವುದಿಲ್ಲ. ಫೋನು ತೆಗೆದು ವಿಡಿಯೋ ಮಾಡಲು ನಿಲ್ಲುತ್ತಾರೆ. ವಿಡಿಯೋದಲ್ಲಿ ನಾನು ಚೆನ್ನಾಗಿ ಮಾಡಿದ್ದಷ್ಟೇ ಬರುತ್ತದೆ. ಇದೇ ಆಟ ಹಿಡಿದುಕೊಂಡು ಒಂದು ಮಗುವಿನ ಬಾಯನ್ನು ಎರಡು ವರ್ಷ ಮುಚ್ಚಿಸಿದವಳು ನಾನು. ಅದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಅದಕ್ಕಿಂತ ನಿಧಾನವಾಗಿ ಬರೆಯುತ್ತೇನೆ. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಲಿ.

ಆಟ ಹುಟ್ಟಿದ್ದು ವಿದ್ಯೆಯಿಂದಲ್ಲ, ಲೋಕಲ್ ಗಾಡಿಯಿಂದ. ನಮ್ಮ ವಸುಧಾ ಟೀಚರ್ ಮೈಸೂರು ಕಡೆಯವರು, ಮನೆ ಬೊರಿವಲಿಯಲ್ಲಿ. ಬೊರಿವಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಈ ಕಡೆಯ ಗಾಡಿ, ಭಾಂಡುಪ್ ಸ್ಟೇಷನ್ನಿನಿಂದ ಶೇರ್ ರಿಕ್ಷಾ, ಆಮೇಲೆ ಗುಡ್ಡದ ಮೆಟ್ಟಿಲು. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ನಾನು ಬಾಲವಾಡಿಯ ಸಹಾಯಕಿ. ನನ್ನ ಕೆಲಸ ಕಸ ಹೊಡೆಯುವುದು, ಖಿಚಡಿ ಬಡಿಸುವುದು, ಮಕ್ಕಳ ಮೂಗು ಒರೆಸುವುದು. ಆದರೆ ಬೆಳಗಿನ ಒಂದು ತಾಸು ತಗಡಿನ ಪತ್ರಾ ಹೊದಿಸಿದ ಖೋಲಿಯಲ್ಲಿ ಮೂವತ್ತು ಮಕ್ಕಳು, ನಾನೊಬ್ಬಳು. ಪುಸ್ತಕ ತೆರೆದು ಓದೋಣವೆಂದರೆ ನನಗೆ ಒಂದು ಸಾಲು ಮುಗಿಯುವಷ್ಟರಲ್ಲಿ ಹಿಂದೆ ಇಬ್ಬರು ಹೊಡೆದಾಡುತ್ತಿದ್ದರು. ಹಾಡು ಎರಡೇ ಬರುತ್ತಿತ್ತು. ಅವು ಮಕ್ಕಳಿಗೂ ಬೇಸರವಾಗಿದ್ದವು, ನನಗೂ ಬೇಸರವಾಗಿದ್ದವು.

ಒಂದು ದಿನ ಸಿಟ್ಟು ಬಂದು ಸುಮ್ಮನೆ ಕೂತೆ. ಮನೆಯಲ್ಲಿ ಒಗೆಯುವ ಬಟ್ಟೆ ಉಳಿದಿತ್ತು, ಅದೇ ತಲೆಯಲ್ಲಿತ್ತು. ಬರಿಗೈಯಲ್ಲೇ ಬಟ್ಟೆ ಒಗೆಯತೊಡಗಿದೆ. ಮಕ್ಕಳು ಗಪ್ಪಾದರು.

"ಆಯಿ ಕಪಡಾ ಧೋತಾಳ!" ಎಂದು ಒಬ್ಬ ಕೂಗಿದ.

ಆ ಮಕ್ಕಳ ಮಾತು ಹಾಗೆ. ಅಪ್ಪ-ಅವ್ವ ಯಾದಗಿರಿ, ವಿಜಾಪುರ, ಬಾಗಲಕೋಟೆ ಕಡೆಯವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ಮೂರರಲ್ಲೂ ಕಾಲು ಭಾಗ ಬರುತ್ತದೆ, ಒಂದರಲ್ಲೂ ಪೂರ್ತಿ ಬರುವುದಿಲ್ಲ. ನಾನು ತಲೆ ಅಲ್ಲಾಡಿಸಿದೆ. ಬಟ್ಟೆ ನೆನೆಹಾಕಿದೆ, ತಿಕ್ಕಿದೆ, ಸೆಳೆದೆ, ಹಿಂಡಿದೆ, ಝಾಡಿಸಿದೆ, ಹಗ್ಗದ ಮೇಲೆ ಹರವಿದೆ. ಒಂದೊಂದಕ್ಕೂ ಬೇರೆ ಮಾತು ಬರುವ ತನಕ ಮುಂದೆ ಹೋಗಲಿಲ್ಲ. ಟೀಚರ್ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಾಗ ಮೂವತ್ತು ಮಕ್ಕಳು "ಹಿಂಡು! ಹಿಂಡು!" ಎಂದು ಕಿರುಚುತ್ತಿದ್ದರು.

"ಏನ್ರೀ ನೀಲವ್ವ ಇದು, ಯಾರನ್ನ ಹಿಂಡ್ತಿದೀರಾ?" ಎಂದರು.

"ನಿಮ್ಮನ್ನ. ನಾಳೆ ಬೇಗ ಬರ್ರಿ" ಎಂದೆ.

ಬೇಗ ಬರಲಿಲ್ಲ. ಆಟ ದಿನವೂ ನಡೆಯಿತು.

ಮೊದಮೊದಲು ಮಕ್ಕಳು ಮನುಷ್ಯರನ್ನೂ ನಟಿಸುತ್ತಿದ್ದರು. ನಮ್ಮ ಖೋಲಿ ಗಲ್ಲಿಯ ಮಿತ್ರ ಮಂಡಳದ್ದು, ಬೀಗದ ಕೈ ಅದರ ಸೆಕ್ರೆಟರಿಯ ಹತ್ತಿರ. ಒಂದು ದಿನ ಸಿದ್ದು ಎಂಬ ಹುಡುಗ ಹೊಟ್ಟೆ ಮುಂದೆ ಮಾಡಿ, ಕಿವಿಯಲ್ಲಿ ಕಡ್ಡಿ ಆಡಿಸಿ, ಗೋಡೆಗೆ ಉಗುಳಿ, ಬೀಗದ ಕೈ ತಿರುಗಿಸಿದ. ಎಲ್ಲರೂ ಒಂದೇ ದನಿಯಲ್ಲಿ "ಸೆಕ್ರೆಟರಿ!" ಎಂದರು. ಆ ಮನುಷ್ಯ ಬಾಗಿಲಲ್ಲೇ ನಿಂತಿದ್ದ, ಕಡ್ಡಿ ಕಿವಿಯಲ್ಲೇ ಇತ್ತು. ಎಂಟು ದಿನ ಖೋಲಿಗೆ ಬೀಗ. ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಾನು ಆತನ ಹೆಂಡತಿಯ ಕೈಕಾಲು ಹಿಡಿಯಬೇಕಾಯಿತು. ಅವತ್ತಿನಿಂದ ಮನುಷ್ಯರನ್ನು ನಟಿಸುವುದು ಬಂದ್. ಕೆಲಸ ಮಾತ್ರ. ನೀವೂ ಅದನ್ನು ನೆನಪಿಡಿ. ಬೀಗದ ಕೈ ನಿಮ್ಮ ಹತ್ತಿರ ಇರುವುದಿಲ್ಲ.

ಇನ್ನು ಸೂಪರ್‌ವೈಜರ್ ಮೇಡಂ. ಅಂಧೇರಿಯ ಆಫೀಸಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು, ಮಂಗಳೂರು ಕಡೆಯವರು. ಮೊದಲ ಸಲ ಆಟ ನೋಡಿ, "ಇದೆಂತದು ಮಾರಾಯ್ತಿ? ಮಕ್ಕಳನ್ನು ಮಂಗ ಮಾಡುವುದಾ?" ಎಂದರು. ಮುಂದಿನ ತಿಂಗಳು ಒಂದು ಡಬ್ಬಿ ತುಂಬ ಕಾರ್ಡು ತಂದರು. ಆಟ ಆಡುವುದಿದ್ದರೆ ಇದರಂತೆಯೇ ಆಡಬೇಕಂತೆ. ಕಾರ್ಡಿನಲ್ಲಿ ಹಿಮದ ಮನೆ, ಹಾಯಿಯ ದೋಣಿ, ಕುದುರೆಯ ಮೇಲೆ ಕೂತ ರಾಜ. ಹಿಮದ ಮನೆ ಬಂದ ಹುಡುಗಿ ಏನು ಮಾಡಬೇಕು ಪಾಪ? ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಳು. "ತಲಿ ನೂಸತೈತಿ" ಎಂದ ಒಬ್ಬ. "ಸಂಡಾಸಕ್ಕ ಕುಂತಾಳ" ಎಂದ ಇನ್ನೊಬ್ಬ. ಮೇಡಂ ಪೆನ್ನಿನಿಂದ ಹಣೆ ಕೆರೆದುಕೊಂಡರು. ಅವರು ಮೆಟ್ಟಿಲು ಇಳಿದ ಮೇಲೆ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ. ನಾನು ಕೆಲಸ ಬಿಡುವ ಹೊತ್ತಿಗೆ ಟ್ಯಾಬ್ ಬಂದಿತ್ತು. ಅದರೊಳಗೆ ಒಂದು ಗೊಂಬೆ ಹಲ್ಲುಜ್ಜುತ್ತದೆ, ಮಗು ಬೆರಳಿನಿಂದ ಸರಿಯಾದ ಚಿತ್ರ ಒತ್ತುತ್ತದೆ. ಬೆರಳಿಗೆ ಬೇಕಾದಷ್ಟು ಅಭ್ಯಾಸ ಆಗುತ್ತದೆ. ಬಾಯಿಗೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ, "ನೀವು ಹಳೆಯವರು" ಎಂದರು.

ನಾನೂ ಅಂಥದ್ದೇ ಮಾಡಿದ್ದೆ. ಟ್ಯಾಬ್ ಇಲ್ಲದೆಯೇ ಮಾಡಿದ್ದೆ.

ಭಾಗ್ಯಶ್ರೀ ನಮ್ಮಲ್ಲಿಗೆ ಬಂದಾಗ ನಾಲ್ಕು ತುಂಬಿರಲಿಲ್ಲ. ಅವ್ವ ಶಾಂತವ್ವ ಕೆಳಗಿನ ಟವರುಗಳಲ್ಲಿ ಮನೆಗೆಲಸ ಮಾಡುವವಳು, ಅಪ್ಪ ಸೆಂಟ್ರಿಂಗ್ ಕೆಲಸದವನು. ಮಗು ಅಳಲಿಲ್ಲ, ಹಟ ಮಾಡಲಿಲ್ಲ. ಮಾತೂ ಆಡಲಿಲ್ಲ. ಹೆಸರು ಕೇಳಿದರೆ ನೆಲ ನೋಡುತ್ತಿತ್ತು. ಹೊಸ ಮಕ್ಕಳು ಹಾಗೆಯೇ, ಎಂಟು ದಿನದಲ್ಲಿ ಬಾಯಿ ಬಿಡುತ್ತಾರೆಂದು ನಾನೂ ಬಿಟ್ಟೆ.

ಒಂದು ದಿನ ಆಟದಲ್ಲಿ ಆಕೆಯನ್ನು ಎಬ್ಬಿಸಿ ನಿಲ್ಲಿಸಿದೆ. ಹುಡುಗಿ ನೀರು ತುಂಬಿದಳು. ಬರಿ ಕೊಡ ಹಿಡಿದು ನಿಲ್ಲಲಿಲ್ಲ. ಪೈಪು ಜಗ್ಗಿದಳು, ನಲ್ಲಿಗೆ ಸಿಕ್ಕಿಸಿ ಬಟ್ಟೆ ಸುತ್ತಿದಳು, ಪಕ್ಕದವಳು ತಳ್ಳಿದಂತೆ ಹೆಗಲು ಜರುಗಿಸಿದಳು, ತುಂಬಿದ ಕೊಡ ಎತ್ತುವಾಗ ಸೊಂಟ ಕೊಂಕಿಸಿದಳು, ಮೆಟ್ಟಿಲ ಮೇಲೆ ಒಂದು ಹನಿ ಕಾಲ ಮೇಲೆ ಬಿದ್ದದ್ದನ್ನು ನೋಡಿಕೊಂಡಳು. ಮಕ್ಕಳು ಒಂದಾದ ಮೇಲೊಂದು ಮಾತು ಕೂಗಿದರು. ನಾನು ಬಾಯಿ ತೆರೆದು ನೋಡಿದೆ. ಅವತ್ತಿನಿಂದ ದಿನವೂ ಭಾಗ್ಯಾಳೇ ಮುಂದೆ. ಮಕ್ಕಳೂ "ಭಾಗ್ಯಾ, ಭಾಗ್ಯಾ" ಎನ್ನುತ್ತಿದ್ದರು. ಸೂಪರ್‌ವೈಜರ್ ಮೇಡಂ ಕೂಡ ಆಕೆಯ ವಿಡಿಯೋ ತೆಗೆದುಕೊಂಡು ಹೋಗಿ ಅಂಧೇರಿಯ ಮೀಟಿಂಗಿನಲ್ಲಿ ತೋರಿಸಿದರಂತೆ, ಎಲ್ಲರೂ ಚಪ್ಪಾಳೆ ಹೊಡೆದರಂತೆ. ನನಗೆ ಹೆಮ್ಮೆಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಎರಡು ವರ್ಷ ಹೀಗೇ ಹೋಯಿತು. ಹುಡುಗಿ ಒಂದು ಮಾತು ಆಡಿರಲಿಲ್ಲ. ಚಪ್ಪಾಳೆಯ ಸದ್ದಿನಲ್ಲಿ ಅದು ನಮಗೆ ಕೇಳಲೂ ಇಲ್ಲ.

ಒಂದನೇ ಇಯತ್ತೆಗೆ ಹೆಸರು ಹಚ್ಚುವ ಕಾಲ ಬಂತು. ಗುಡ್ಡದ ಬುಡದಲ್ಲಿ ಒಂದು ಕನ್ನಡ ಶಾಲೆ ಇದೆ. ಶಾಂತವ್ವ ಕೆಲಸಕ್ಕೆ ರಜೆ ಹಾಕಿ ಬಂದಳು, ಜೊತೆಗೆ ನಾನು ಹೋದೆ. ಹೆಡ್ ಮೇಡಂ ಮುಂಬೈಯಲ್ಲೇ ಹುಟ್ಟಿ ಬೆಳೆದವರು, ಕೆಟ್ಟವರಲ್ಲ, ಆದರೆ ಮೂಗಿನ ತುದಿಯಲ್ಲಿ ಕನ್ನಡಕ. ಭಾಗ್ಯಾಳಿಗೆ ಹೆಸರು ಕೇಳಿದರು. ನೆಲ ನೋಡಿದಳು. ಛತ್ರಿಯ ಚಿತ್ರ ತೋರಿಸಿದರು. ಭಾಗ್ಯಾ ಛತ್ರಿ ಬಿಡಿಸಿದಂತೆ ಕೈ ಮಾಡಿ, ತಲೆಯ ಮೇಲೆ ಹಿಡಿದಳು. ನಾನು ಮೆಚ್ಚಿ ನಕ್ಕೆ.

ಹೆಡ್ ಮೇಡಂ ನಗಲಿಲ್ಲ. "ಮಾತಾಡಲ್ವಾ ಇವಳು?"

"ಮನ್ಯಾಗ ಅಷ್ಟಿಷ್ಟ ಆಡತಾಳ್ರಿ ಮೇಡಂ" ಎಂದಳು ಶಾಂತವ್ವ.

"ನೋಡಮ್ಮ, ಕಿವಿ ತೋರಿಸಿದೀರಾ?"

ಬಾಲವಾಡಿಯ ಎಲ್ಲ ಮಕ್ಕಳ ತಪಾಸಣೆಯಲ್ಲೇ ತೋರಿಸಿದ್ದೆವು. ಕಿವಿ ನೆಟ್ಟಗಿದೆ ಎಂದು ಸರಕಾರಿ ಆಸ್ಪತ್ರೆಯ ಚೀಟಿ ಇತ್ತು. ಅವರು ಅದನ್ನು ಓದಿ ಮಡಚಿ ವಾಪಸು ಕೊಟ್ಟರು. "ನಮ್ಮಲ್ಲಿ ಒಂದು ಕ್ಲಾಸಿಗೆ ಒಬ್ಬರೇ ಟೀಚರ್. ಕೈಸನ್ನೆ ಮಾಡೋ ಮಗೂನ ಅವರು ಹೇಗೆ ನೋಡ್ಕೋತಾರೆ? ಅಂಧೇರೀಲಿ ಇಂಥ ಮಕ್ಕಳಿಗೇ ಒಂದು ಶಾಲೆ ಇದೆ. ಕಾಗದ ಬರೆದುಕೊಡ್ತೀನಿ. ಜೂನ್‌ವರೆಗೆ ಟೈಮಿದೆ, ಅಷ್ಟರಲ್ಲಿ ಮಾತಾಡಿದರೆ ಕರ್ಕೊಂಡು ಬನ್ನಿ."

ಹೊರಗೆ ಬಂದು ಶಾಂತವ್ವ ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. "ಅಂಧೇರಿಗೆ ದಿನಾ ಯಾರ ಒಯ್ಯಬೇಕ ಆಯಿ? ಅವರಪ್ಪ ಬೆಳಕ ಹರಿಯೂದ್ರಾಗ ಸೈಟಿಗೆ ಹೊಕ್ಕಾನ. ನಾ ಐದ ಮನಿ ಬಿಟ್ಟ ಬಂದ್ರ ತಿನ್ನೂದ ಏನ? ಮತ್ತ ಮೊದಲಿನಂಗ ಒಳಗ ಹಾಕಿ ಚಿಲಕಾ ಹಾಕೂದ."

"ಮೊದಲಿನಂಗ ಅಂದ್ರ?"

"ಬಾಲವಾಡಿಗೆ ಬರೂಕಿಂತ ಮೊದಲ ಹಂಗ ಮಾಡ್ತಿದ್ದೆ. ಯಾರ ಕರದ್ರೂ ಓ ಅನಬ್ಯಾಡ, ದನೀ ತಗೀಬ್ಯಾಡ ಅಂತ ಹೇಳಿ ಹೋಗ್ತಿದ್ದೆ. ಒಳಗ ಕೂಸ ಒಂದ ಐತಿ ಅಂತ ಯಾರಿಗೂ ಗೊತ್ತಾಗಬಾರದಲ್ಲ? ಭಾಳ ಶ್ಯಾಣೇಕಿ. ಒಂದ ದಿನಾನೂ ದನಿ ತಗೀಲಿಲ್ಲ."

ನಮ್ಮ ಗಲ್ಲಿಯಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರೆ. ಕೆಲಸಕ್ಕೆ ಹೋಗುವವಳು ಮಗುವನ್ನು ಹೊಟ್ಟೆಯೊಳಗೆ ವಾಪಸು ಇಟ್ಟುಕೊಳ್ಳಲು ಆಗುವುದಿಲ್ಲ. ಶಾಂತವ್ವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವ್ವ ಸುಮ್ಮನಿರು ಎಂದಳು, ಮಗು ಸುಮ್ಮನಿತ್ತು. ಆ ಮಗುವನ್ನು ಎರಡು ವರ್ಷ ಮುಂದೆ ನಿಲ್ಲಿಸಿ, ನೀನು ಸುಮ್ಮನಿದ್ದು ತೋರಿಸು, ಎಷ್ಟು ಚೆನ್ನಾಗಿ ಸುಮ್ಮನಿರುತ್ತೀ ಎಂದು ಚಪ್ಪಾಳೆ ಹೊಡೆಸಿದವಳು ನಾನು.

ಮರುದಿನ ವಸುಧಾ ಟೀಚರಿಗೆ ಹೇಳಿದೆ. "ನಮ್ಮ ಆಟದಾಗ ಯಾರಿಗೆ ಮಾತ ಬಂದೈತಿ ನೋಡ್ರಿ. ಕುಂತ ಕೂಗಾವ್ರಿಗೆ. ಸಿದ್ದ್ಯಾ ಎದ್ದ ನಿಂತದ್ದ ಆ ಸೆಕ್ರೆಟರಿ ದಿನ ಒಂದ. ಅವನ ಬಾಯಿ ನೋಡ್ರಿ, ರೇಡಿಯೋ ಆಗೇದ. ನಟನಾ ಮಾಡಾಕಿಗೆ ಏನ ಸಿಕ್ಕತಿ?"

"ಆದರೆ ಎಷ್ಟು ಚೆನ್ನಾಗಿ ಮಾಡ್ತಾಳಲ್ರೀ ನೀಲವ್ವ."

"ಚೊಲೋ ಮಾಡೂದ ತಪ್ಪಾಗೇದ."

ಅವರಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಓದಿದವರು.

ಜೂನ್ ತಿಂಗಳಿಗೆ ಇನ್ನು ಸ್ವಲ್ಪವೇ ದಿನ ಇತ್ತು. ಆಟ ತಿರುವಿ ಹಾಕಿದೆ. ನಟಿಸುವವಳು ನಾನು, ಹೇಳಬೇಕಾದವಳು ಭಾಗ್ಯಾ, ಉಳಿದವರು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂರಬೇಕು. ಹೇಳಲು ಸುಲಭ. ನಾನು ಪೊರಕೆ ಹಿಡಿಯುವ ಮೊದಲೇ ಸಿದ್ದು ಬೆರಳುಗಳ ಸಂದಿಯಿಂದ "ಕಸಾ ಹೊಡೀಯೂದು!" ಎನ್ನುತ್ತಿದ್ದ.

"ಬಾಯಿ ಮುಚ್ಚೋ ಸಿದ್ದ್ಯಾ!"

"ನಾ ಮುಚ್ಚೇನಿ ಆಯಿ, ಅದ ತಾನ ಹೊಂಟತಿ!"

ಉಳಿದವರು ಸುಮ್ಮನಿರಲಾರದೆ ಒಬ್ಬರನ್ನೊಬ್ಬರು ಚಿವುಟಿಕೊಂಡರು. ಇಬ್ಬರು ಅತ್ತರು. ಒಬ್ಬಳ ಅವ್ವ ಬಂದು, "ನನ್ನ ಮಗಳ ಬಾಯಿ ಯಾಕ ಮುಚ್ಚಸ್ತಿ? ಮಾತ ಕಲಸಾಕ ಕಳಸೇನಿ" ಎಂದು ಜಗಳ ತೆಗೆದಳು. ಆಕೆ ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಸೂಪರ್‌ವೈಜರ್ ಮೇಡಂ ಬಂದು, "ಅಷ್ಟು ಚಂದ ಆ್ಯಕ್ಟ್ ಮಾಡುವ ಮಗುವನ್ನು ಕೂರಿಸಿದ್ದೀರಿ! ಮುಂದಿನ ಮೀಟಿಂಗಿಗೆ ನಾನು ಎಂತ ತೋರಿಸುವುದು?" ಎಂದರು.

"ನನ್ನ ತೋರಸ್ರಿ" ಎಂದೆ.

ಭಾಗ್ಯಾ ಏನು ಮಾಡಿದಳು ಗೊತ್ತೇ? ನಾನು ಬಟ್ಟೆ ತಿಕ್ಕಿದರೆ ಎದ್ದು ಬಂದು ಪಕ್ಕದಲ್ಲಿ ಕೂತು ಹಿಂಡಿ ತೋರಿಸುತ್ತಿದ್ದಳು. ಅದೇ ಅವಳ ಉತ್ತರ. ನೋಡಬಾರದೆಂದು ನಾನು ಬೆನ್ನು ತಿರುಗಿಸಿದೆ. ಸುತ್ತು ಹಾಕಿ ಮುಂದೆ ಬಂದು ಹಿಂಡಿದಳು. ಕಣ್ಣು ಮುಚ್ಚಿದೆ. ನನ್ನ ಕೈಯನ್ನೇ ಹಿಡಿದು ಹಿಂಡಿದಳು. ಒಂದು ದಿನ ತಾಳ್ಮೆ ಕೆಟ್ಟು ಆಕೆಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಹೇಳ! ಬಾಯಿಲೆ ಹೇಳ!" ಎಂದು ಗದರಿದೆ. ಮಗು ಅಳಲಿಲ್ಲ. ಕಣ್ಣು ಮಾತ್ರ ದೊಡ್ಡದಾಯಿತು. ಚಿಲಕ ಹಾಕಿದ ಖೋಲಿಯ ಹೊರಗೆ ಯಾರೋ ಬಾಗಿಲು ಬಡಿದಾಗ ಅದೇ ಕಣ್ಣು ಮಾಡಿಕೊಂಡು ಕೂತಿರುತ್ತಿತ್ತೇನೋ. ಕೈ ಬಿಟ್ಟೆ. ಹಾಗೆ ಗದರಿಸುವುದನ್ನು ನೀವು ಮಾಡಬೇಡಿ. ಮಾಡಿದರೆ ಮರುದಿನ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಶಾಲೆಗೆ ಹೋಗಲು ಒಂದು ವಾರ ಇರುವಾಗ ಖಿಚಡಿ ಬಡಿಸುತ್ತಿದ್ದೆ. ಕಿವಿಯ ಹತ್ತಿರ ಬಿಸಿ ಉಸಿರು ಬಂತು, ಅದರ ಜೊತೆ "ಸಾಕು" ಎಂಬ ಮಾತು ಬಂತು. ತಿರುಗಿ ನೋಡಿದರೆ ಭಾಗ್ಯಾ ತಟ್ಟೆ ಹಿಡಿದು ಹೋಗುತ್ತಿದ್ದಳು. ಟೀಚರಿಗೆ ಹೇಳಿದೆ. "ನಿಮಗೆ ಹಾಗೆ ಕೇಳಿಸಿರಬೇಕು ನೀಲವ್ವ" ಎಂದರು. ಮತ್ತೆ ಎಷ್ಟು ಬಡಿಸಿದರೂ ಆಡಲಿಲ್ಲ. ಸುಮ್ಮನೆ ತಟ್ಟೆಯಲ್ಲಿ ಬಿಟ್ಟು ಹೋದಳು.

ಜೂನ್ ಬಂತು. ಶಾಂತವ್ವನಿಗೆ ರಜೆ ಸಿಗಲಿಲ್ಲ. ಟೀಚರು, ನಾನು, ಭಾಗ್ಯಾ ಹೋದೆವು. ಹೆಡ್ ಮೇಡಂ ಹೆಸರು ಕೇಳಿದರು, ನೆಲ ನೋಡಿದಳು. ಛತ್ರಿ ತೋರಿಸಿದರು, ನೆಲ ನೋಡಿದಳು. ಈ ಸಲ ಕೈಯೂ ಆಡಿಸಲಿಲ್ಲ. ಅದನ್ನೂ ನಾನೇ ಕಸಿದುಕೊಂಡಿದ್ದೆ. ವಿಮಾನ, ಸೇಬು, ಆನೆ ಎಲ್ಲ ಆಯಿತು. ಹೆಡ್ ಮೇಡಂ ನಿಟ್ಟುಸಿರು ಬಿಟ್ಟು ಕಾಗದ ತೆಗೆದರು. ಅಂಧೇರಿಯ ಶಾಲೆಗೆ ಬರೆಯತೊಡಗಿದರು. ಟೀಚರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

"ಒಂದ ನಿಮಿಷ ತಡೀರಿ ಮೇಡಂ" ಎಂದು ನೆಲದ ಮೇಲೆ ಕೂತೆ.

"ಇಲ್ಲಿ ಬೇಡ ನೀಲವ್ವ, ಪ್ಲೀಸ್" ಎಂದರು ಟೀಚರ್. ನಾನು ಕೇಳಲಿಲ್ಲ. ಏನು ನಟಿಸಬೇಕೆಂದು ಯೋಚಿಸಿರಲೂ ಇಲ್ಲ, ಕೈಗೆ ಬಂದದ್ದು ಜೋಳದ ರೊಟ್ಟಿ. ಹಿಟ್ಟು ಎಳೆದುಕೊಂಡೆ, ಬಿಸಿನೀರು ಸುರಿದೆ, ನಾದಿದೆ, ಬಡಿದೆ, ತಿರುಗಿಸಿ ತಿರುಗಿಸಿ ಅಗಲ ಮಾಡಿ ಹಂಚಿಗೆ ಹಾಕಿದೆ. ಹೆಡ್ ಮೇಡಂ ಪೆನ್ನು ಮತ್ತೆ ಕಾಗದಕ್ಕೆ ಇಡುವುದು ಕಂಡಿತು. ಅವಸರದಲ್ಲಿ ರೊಟ್ಟಿಯನ್ನು ಹಾಗೆಯೇ ಮಗುಚಿಬಿಟ್ಟೆ.

ಜೋಳದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಬೇಕು, ಅದು ಆರಿದ ಮೇಲೆ ಮಗುಚಬೇಕು. ಇಲ್ಲದಿದ್ದರೆ ಹಿಟ್ಟು ಬಿಳಿಯಾಗಿ ಉಳಿದು ರೊಟ್ಟಿ ಬಿರಿಯುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು ನಡೆಯಲು ಕಲಿಯುವಾಗಲೇ ಇದನ್ನು ನೋಡಿರುತ್ತಾರೆ. ಟೀಚರು ಆಮೇಲೆ ಕಂಡವರಿಗೆಲ್ಲ, ನೀಲವ್ವ ಬೇಕೆಂದೇ ತಪ್ಪು ಮಾಡಿದರು, ಎಂಥ ಜಾಣೆ ಎಂದು ಹೇಳಿಕೊಂಡು ತಿರುಗಿದರು. ಸುಳ್ಳು. ಗಾಬರಿಯಲ್ಲಿ ಮರೆತಿದ್ದೆ.

"ಚಪಾತಿನಾ?" ಎಂದರು ಹೆಡ್ ಮೇಡಂ, ಪಾಪ, ನನ್ನ ಮೇಲಿನ ಕರುಣೆಗೆ.

"ಚಪಾತಿ ಅಲ್ಲ!"

ಕೋಣೆಯಲ್ಲಿ ಯಾರು ಮಾತಾಡಿದ್ದೆಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಒರಟು ದನಿ, ಬಳಸದೆ ಇಟ್ಟ ಬಾಗಿಲು ತೆಗೆದಂತೆ. ಭಾಗ್ಯಾ ನನ್ನ ಎದುರು ಬಂದು ನಿಂತಿದ್ದಳು. ಮುಖವೆಲ್ಲ ಕೆಂಪಾಗಿತ್ತು. "ರೊಟ್ಟಿ! ನೀರ ಹಚ್ಚಿಲ್ಲ! ನೀರ ಹಚ್ಚ ಆಯಿ, ಬಿರೀತೈತಿ!"

ಎರಡು ವರ್ಷ ಆಕೆ ಒಂದು ಕೆಲಸವನ್ನೂ ತಪ್ಪು ಮಾಡಿ ತೋರಿಸಿದವಳಲ್ಲ. ಬೇರೆಯವರು ತಪ್ಪು ಮಾಡುವುದನ್ನು ನೋಡಿ ಸುಮ್ಮನಿರಲು ಆಕೆಯಿಂದ ಆಗಲಿಲ್ಲ.

ಟೀಚರ್ ಈಗ ಜೋರಾಗಿಯೇ ಅತ್ತರು. ಹೆಡ್ ಮೇಡಂ ಕನ್ನಡಕ ತೆಗೆದು, ಬಗ್ಗಿ, ಬಹಳ ಮೆತ್ತಗೆ ಕೇಳಿದರು. "ಏನಾಯ್ತು ಪುಟ್ಟಾ? ಸರಿಯಾಗಿ ಹೇಳು ನನಗೆ."

ಭಾಗ್ಯಾ ಈ ಸಲ ನೆಲ ನೋಡಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಅವರಿಗೆ ಹೇಳಿದಳು:

"ಈ ಆಯಿಗೆ ರೊಟ್ಟಿ ಮಾಡಾಕ ಬರಂಗಿಲ್ಲ."

ಹೆಡ್ ಮೇಡಂ ಬರೆದ ಕಾಗದವನ್ನು ಬದಿಗೆ ಸರಿಸಿ ರಿಜಿಸ್ಟರ್ ಎಳೆದುಕೊಂಡರು. ಎಂಟನೇ ವರ್ಷಕ್ಕೆ ರೊಟ್ಟಿ ಬಡಿಯಲು ಕೂತವಳು ನಾನು, ನನ್ನ ರೊಟ್ಟಿಗೆ ಇಡೀ ಗಲ್ಲಿಯಲ್ಲಿ ಯಾರೂ ಕೊಂಕು ಹೇಳಿಲ್ಲ. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಭಾಗ್ಯಾ ಇನ್ನೂ ಏನೋ ಹೇಳುತ್ತಿದ್ದಳು, ಅದಕ್ಕೆ ನಾನು ಬಾಯಿ ಮುಚ್ಚಿಕೊಂಡು ಕೂತೆ.